ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರಾ ಹದಿನೇಳು

ಫೋನ್ ಬಂದಾಗ ಶಿವರಾಜ್ ದುರ್ಗಿಗುಡಿಯ ತನ್ನ ಕನ್ನಡಕದ ಅಂಗಡಿಯಲ್ಲಿ ಒಬ್ಬ ಅಜ್ಜನ ಮೂಗಿನ ಮೇಲೆ ಹೊಸ ಫ್ರೇಮು ಕೂರಿಸಿ ನೋಡುತ್ತಿದ್ದ. ಆ ಕಡೆಯಿಂದ ಮಾತಾಡಿದವರು ಅವನ ಹೆಂಡತಿ ದಾಕ್ಷಾಯಣಿಯ ಶಾಲೆಯ ಹೆಡ್‌ಮಾಸ್ಟರು.

"ಮೇಡಂ ಪಾಠ ಮಾಡ್ತಾ ಮಾಡ್ತಾ ಕುಸಿದು ಕೂತ್ಬಿಟ್ರು. ಕಾರಲ್ಲಿ ಕರ್ಕೊಂಡು ಹೊರಟಿದೀವಿ. ನೀವು ಸೀದಾ ಆಸ್ಪತ್ರೆ ಹತ್ರ ಬಂದ್ಬಿಡಿ."

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇಪ್ಪತ್ತು ಕಿಲೋಮೀಟರೂ ಇಲ್ಲ. ದಾಕ್ಷಾಯಣಿ ಹದಿನಾಲ್ಕು ವರ್ಷದಿಂದ ದಿನಾ ಓಡಾಡುತ್ತಿದ್ದ ದಾರಿ. ಆಸ್ಪತ್ರೆಯ ಗೇಟಿನಲ್ಲಿ ನಿಂತವನಿಗೆ ಮಾತ್ರ ಆ ದಿನ ಅದು ಮುಗಿಯಲೇ ಇಲ್ಲ. ಕೊನೆಗೆ ಕಾರು ಬಂತು. ಹಿಂದಿನ ಸೀಟಿನಲ್ಲಿ ಇಬ್ಬರು ಟೀಚರುಗಳ ನಡುವೆ ಅವಳು ಒರಗಿದ್ದಳು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಸೀರೆಯ ಮೇಲೆಲ್ಲ ಸೀಮೆಸುಣ್ಣದ ಪುಡಿ. ಗಂಡನನ್ನು ಕಂಡದ್ದೇ ಅವಳು ಸ್ಪಷ್ಟವಾಗಿ, ತನ್ನ ಎಂದಿನ ದನಿಯಲ್ಲೇ ಹೇಳಿದಳು:

"ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರಾ ಹದಿನೇಳು."

"ಏನಂದೆ?"

"ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರಾ ಹದಿನೇಳು," ಅಂದಳು ಇನ್ನಷ್ಟು ಅವಸರದಲ್ಲಿ.

"ದಾರಿ ಉದ್ದಕ್ಕೂ ಇದನ್ನೇ ಹೇಳ್ತಿದಾರೆ," ಎಂದರು ಹೆಡ್‌ಮಾಸ್ಟರು, ಏನೋ ತಮ್ಮದೇ ತಪ್ಪು ಎನ್ನುವ ಹಾಗೆ.

ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು, ಆ ಒಂದು ಸಂಖ್ಯೆಯ ಹೊರತು. ಹನ್ನೆರಡು ದಿನದ ಮೇಲೆ ಮನೆಗೆ ಕರೆತಂದರು. ನೀರು ಬೇಕಾದರೂ ಅದೇ ಸಂಖ್ಯೆ, ಸೆಕೆ ಆದರೂ ಅದೇ, ಯಾರಾದರೂ ನೋಡಲು ಬಂದರೆ ಅವರನ್ನು ವಿಚಾರಿಸುವುದೂ ಅದರಲ್ಲೇ. ವಿಚಿತ್ರವೆಂದರೆ ರಾಗ ಮಾತ್ರ ಒಂದಿಷ್ಟೂ ಕೆಟ್ಟಿರಲಿಲ್ಲ. ಪಕ್ಕದ ಮನೆಯವರು ಬಂದಾಗ "ಊಟ ಆಯ್ತಾ" ಎನ್ನುವ ರಾಗದಲ್ಲಿ ಹತ್ತು ಲಕ್ಷದ ಇಪ್ಪತ್ತೆರಡು ಸಾವಿರ ಅನ್ನುತ್ತಿದ್ದಳು. ಶಿವರಾಜ್ ಹಾಲು ಉಕ್ಕಿಸಿದರೆ "ಥೂ, ನಿಮ್ಮ" ಎನ್ನುವ ರಾಗದಲ್ಲಿ ನೂರಾ ಹದಿನೇಳನ್ನು ಒತ್ತಿ ಹೇಳುತ್ತಿದ್ದಳು. ಎದುರಿನವರು ಮಿಕಮಿಕ ನೋಡಿದಾಗ ತಾನೇ ಗಾಬರಿಯಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಎಡಗೈಗೆ ಪೆನ್ನು ಕೊಟ್ಟರೆ ಬರೀ ಗೀರುಗಳು ಮೂಡುತ್ತಿದ್ದವು.

ಅವರಿಗೆ ಮಕ್ಕಳಿರಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮನೆಯ ಮಾತೆಲ್ಲ ದಾಕ್ಷಾಯಣಿಯದೇ. ಸಂಜೆ ರೈಲ್ವೆ ಸ್ಟೇಷನ್ನಿನಿಂದ ಸ್ಕೂಟರಿನಲ್ಲಿ ಕರೆತರುವಾಗ ಹಿಂದೆ ಕೂತು ಆ ದಿನದ ಪಾಠವನ್ನೆಲ್ಲ ಒಪ್ಪಿಸುತ್ತಿದ್ದಳು. ಯಾವ ಹುಡುಗಿ ಏನು ಕೇಳಿದಳು, ಯಾವ ಲೆಕ್ಕಕ್ಕೆ ಇಡೀ ಕ್ಲಾಸೇ ಹೇಗೆ ತಲೆ ಕೆರೆದುಕೊಂಡಿತು. ಶಿವರಾಜ್‌ಗೆ ಹತ್ತನೇ ತರಗತಿಯಲ್ಲಿ ಗಣಿತಕ್ಕೆ ಮೂವತ್ತೈದು ಬಂದಿತ್ತು. ಅವನು ಹೆಲ್ಮೆಟ್ಟಿನೊಳಗಿಂದ "ಹ್ಞೂಂ" ಅನ್ನುತ್ತಾ ಅಂಗಡಿಯ ಯೋಚನೆಯಲ್ಲಿರುತ್ತಿದ್ದ.

ಮಾತು ಕಲಿಸಲು ವಾರಕ್ಕೆ ಮೂರು ದಿನ ಶೀತಲ್ ಎಂಬ ಹುಡುಗಿ ಮನೆಗೆ ಬರತೊಡಗಿದಳು. ಇಪ್ಪತ್ತೇಳು ವರ್ಷವಿರಬಹುದು, ನಿಧಾನಸ್ಥೆ. ಮೊದಲ ದಿನವೇ ಶಿವರಾಜ್ ಕೇಳಿದ, "ಇದೇ ಸಂಖ್ಯೆ ಯಾಕಮ್ಮ?"

"ಮಾತು ಹೋದಾಗ ಕೆಲವರಿಗೆ ಒಂದೇ ಒಂದು ಮಾತು ಉಳ್ಕೊಂಡ್ಬಿಡುತ್ತೆ ಸರ್. ಕೆಲವರಿಗೆ ಬೈಗುಳ, ಕೆಲವರಿಗೆ ದೇವರ ಹೆಸರು. ಸ್ಟ್ರೋಕ್ ಆಗೋ ಹೊತ್ತಿಗೆ ಏನು ಹೇಳ್ತಿದ್ರೋ ಅದೇ ಉಳಿಯುತ್ತೆ ಅಂತ ಹಿಂದಿನ ಡಾಕ್ಟ್ರುಗಳು ಹೇಳ್ತಿದ್ರು. ಅದೂ ಖಾತ್ರಿ ಇಲ್ಲ. ಆದ್ರೆ ಒಂದು ನೆನಪಿಡಿ ಸರ್, ಮೇಡಂ ಸಂಖ್ಯೆ ಹೇಳ್ತಿಲ್ಲ. ಅವರು ಹೇಳೋಕೆ ಹೊರಟಿರೋದೇ ಬೇರೆ. ಬಾಯಿಗೆ ಬರ್ತಿರೋದು ಮಾತ್ರ ಇದು."

ಶಿವರಾಜ್ ಎಲ್ಲವನ್ನೂ ಕೇಳಿಸಿಕೊಂಡ. ತಲೆಯಲ್ಲಿ ನಿಂತದ್ದು ಮಾತ್ರ ಒಂದೇ: ಸ್ಟ್ರೋಕ್ ಆಗುವ ಹೊತ್ತಿಗೆ ಅವಳು ಏನು ಹೇಳುತ್ತಿದ್ದಳು?

ಮರುದಿನ ಬೆಳಿಗ್ಗೆ ದಾಕ್ಷಾಯಣಿಯ ತಂಗಿ ಸುಮನಾಳನ್ನು ಮನೆಯಲ್ಲಿ ಕೂರಿಸಿ ಅವನು ಭದ್ರಾವತಿಯ ರೈಲು ಹತ್ತಿದ. ಜನ್ನಾಪುರದ ಕಡೆಯ ಆ ಸರ್ಕಾರಿ ಪ್ರೌಢಶಾಲೆಗೆ ಅವನು ಹಿಂದೆ ಎರಡೇ ಸಲ ಹೋಗಿದ್ದ, ಎರಡು ಸಲವೂ ಒಳಗೆ ಕಾಲಿಟ್ಟಿರಲಿಲ್ಲ. ಹೆಡ್‌ಮಾಸ್ಟರು ಒಂಬತ್ತನೇ ತರಗತಿಗೆ ಕರೆದೊಯ್ದರು. ಬೋರ್ಡಿನ ಮೇಲೆ ಯಾರದೋ ಸಮಾಜ ವಿಜ್ಞಾನದ ನಕ್ಷೆ ಇತ್ತು. ಆ ದಿನದ ನೋಟ್ಸು ಯಾರ ಹತ್ತಿರ ಇದೆ ಎಂದು ಕೇಳಿದಾಗ ಕವನಾ ಎಂಬ ಹುಡುಗಿ ಎದ್ದು ನಿಂತು ಪುಸ್ತಕ ತಂದುಕೊಟ್ಟಳು. ಪುಟದ ನಡುವೆ ದೊಡ್ಡದಾಗಿ 10,22,117 ಎಂದು ಬರೆದಿತ್ತು. ಕೆಳಗೆ ಒಂದರ ಪಕ್ಕ ಒಂದು ಭಾಗಾಕಾರಗಳು.

"ಇದೇನು ಪಾಠ ಮಗಾ?"

"ಮಿಸ್ಸು ಈ ಸಂಖ್ಯೆ ಬರೆದು, ಇದನ್ನ ಶೇಷ ಉಳೀದೆ ಭಾಗ್ಸೋ ಸಂಖ್ಯೆ ಹುಡುಕಿ ಅಂದ್ರು ಸರ್. ಎರಡು, ಮೂರು, ಐದು ಆಗಲ್ಲ ಅಂತ ಬಾಯಲ್ಲೇ ಹೇಳಿದ್ವಿ. ಏಳಕ್ಕೆ ಐದು ಉಳೀತು. ಹನ್ನೊಂದಕ್ಕೆ ಎಂಟು. ಹದಿಮೂರಕ್ಕೆ ತಿರುಗಾ ಐದು. ಹದಿನೇಳಕ್ಕೆ ಒಂಬತ್ತು. ಇದನ್ನ ಯಾವ್ದೂ ಭಾಗ್ಸಲ್ಲ ಮಿಸ್ ಅಂದ್ವಿ. ಮಿಸ್ಸು ನಕ್ರು. ಭಾಗ್ಸುತ್ತೆ, ನಿಮ್ಮ ದಾರೀಲಿ ಹೋದ್ರೆ ನಾಳೆ ಸಂಜೆ ಆಗುತ್ತೆ, ನನ್ನ ಹತ್ರ ಒಂದು ಒಳದಾರಿ ಇದೆ, ಹೇಳ್ಲಾ ಅಂದ್ರು."

"ಆಮೇಲೆ?"

"ಆಮೇಲೆ ಸಂಖ್ಯೆನ ಜೋರಾಗಿ ಓದಿದ್ರು. ತಿರುಗಾ ಓದಿದ್ರು. ತಿರುಗಾ ಅದನ್ನೇ..." ಹುಡುಗಿ ಬೋರ್ಡಿನ ಕಡೆ ನೋಡಿದಳು. "ನಾವು ತಮಾಷೆ ಮಾಡ್ತಿದಾರೆ ಅಂದ್ಕೊಂಡು ಎಲ್ಲಾರೂ ನಕ್ವಿ ಸರ್. ಚಾಕ್‌ಪೀಸ್ ಬಿದ್ಮೇಲೂ ನಗ್ತಾನೇ ಇದ್ವಿ."

ಇಡೀ ಕ್ಲಾಸು ತಲೆ ತಗ್ಗಿಸಿತು. ಶಿವರಾಜ್ ಅವಳ ತಲೆಯ ಮೇಲೆ ಕೈ ಇಟ್ಟ.

ವಾಪಸು ಬರುವಾಗ ರೈಲಿನಲ್ಲಿ ಅವನಿಗೆ ಒಂದು ವಿಷಯ ಖಚಿತವಾಗಿಹೋಗಿತ್ತು. ಹೇಳಬೇಕಾದ ಒಳದಾರಿ ಹೇಳದೆ ಉಳಿದಿದೆ. ಅದು ಅವಳ ಗಂಟಲಿಗೆ ಅಡ್ಡ ಕೂತಿದೆ. ಅದೇನೆಂದು ಯಾರಾದರೂ ಅವಳಿಗೆ ಹೇಳಿಬಿಟ್ಟರೆ ಮುಂದಿನ ಮಾತು ತಾನಾಗಿ ಹೊರಡುತ್ತದೆ. ಇದನ್ನು ಅವನಿಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ಶೀತಲ್‌ಗೆ ಹೇಳಿದರೆ ಬೇಡ ಅಂದಾಳು ಎಂದು ಅವಳಿಗೂ ಹೇಳಲಿಲ್ಲ.

ಅವನಿಗೆ ಗೊತ್ತಿದ್ದ ಗಣಿತದವರೆಂದರೆ ವಾದಿರಾಜ. ಪಿ.ಯು. ಕಾಲೇಜಿನ ಲೆಕ್ಚರರು, ಬಿ.ಎಡ್.ನಲ್ಲಿ ದಾಕ್ಷಾಯಣಿಯ ಜೊತೆ ಓದಿದವರು, ಕನ್ನಡಕಕ್ಕೆ ಇದೇ ಅಂಗಡಿಗೆ ಬರುವವರು. ಶಿವರಾಜ್ ಸಂಖ್ಯೆಯನ್ನು ಬರೆದು ಅವರ ಮುಂದಿಟ್ಟ. ವಾದಿರಾಜರು ಬಿಲ್ ಪುಸ್ತಕದ ಹಿಂಬದಿಯಲ್ಲಿ ಏನೋ ಗೀಚಿದರು, ಗಡ್ಡ ಕೆರೆದುಕೊಂಡರು, ಇದ್ದಕ್ಕಿದ್ದ ಹಾಗೆ ಅವರ ಮುಖ ಅರಳಿತು.

"ಅಬ್ಬಾ, ಎಂಥಾ ಸಂಖ್ಯೆ ಆರಿಸಿದಾರ್ರೀ! ಇದಕ್ಕೆ ನಾಲ್ಕು ಸೇರಿಸಿ. ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರಾ ಇಪ್ಪತ್ತೊಂದು. ಅದು ಸಾವಿರದ ಹನ್ನೊಂದರ ವರ್ಗ. ನಾಲ್ಕು ಅಂದ್ರೆ ಎರಡರ ವರ್ಗ. ಒಂದು ವರ್ಗದಿಂದ ಇನ್ನೊಂದು ವರ್ಗ ಕಳೆದ್ರೆ ಏನು? ಒಂಬತ್ತನೇ ಕ್ಲಾಸಿನ ಸೂತ್ರ. ಎರಡರ ಮೊತ್ತ ಗುಣಿಸು ಎರಡರ ವ್ಯತ್ಯಾಸ. ಸಾವಿರದ ಹದಿಮೂರು, ಸಾವಿರದ ಒಂಬತ್ತು. ಇವೆರಡನ್ನ ಗುಣಿಸಿದ್ರೆ ಇದು ಬರುತ್ತೆ. ಮುಗೀತು!"

"ಇದೇ ಒಳದಾರಿನಾ?"

"ಇದೇ. ಆ ಎರಡೂ ಅವಿಭಾಜ್ಯ ಸಂಖ್ಯೆಗಳು. ಸಾವಿರ ದಾಟಿದ ಮೇಲೆ ಸಿಗೋ ಮೊದಲನೇದು, ಎರಡನೇದು. ಸಾವಿರದ ಒಳಗೆ ನೂರಾ ಅರವತ್ತೆಂಟು ಅವಿಭಾಜ್ಯ ಸಂಖ್ಯೆಗಳಿವೆ, ಒಂದೂ ಇದನ್ನ ಭಾಗ್ಸಲ್ಲ. ಮಕ್ಕಳು ಏಳು, ಹನ್ನೊಂದು, ಹದಿಮೂರು ಅಂತ ಹೊರಟ್ರೆ ನೂರಾ ಅರವತ್ತೆಂಟು ಸಲ ಸೋತು, ನೂರಾ ಅರವತ್ತೊಂಬತ್ತನೇದಕ್ಕೆ ಗೆಲ್ತಾರೆ. ಬೇಕೂಂತಲೇ ಆರಿಸಿದಾರೆ."

ಶಿವರಾಜ್‌ಗೆ ಅರ್ಧ ಅರ್ಥವಾಯಿತು. ಅಷ್ಟೇ ಸಾಕಾಗಿತ್ತು. "ಭಾನುವಾರ ಮನೆಗೆ ಬಂದು ಇದನ್ನ ಅವಳಿಗೆ ಹೇಳ್ತೀರಾ?" ಎಂದು ಕೇಳಿದ. ವಾದಿರಾಜರು ಒಪ್ಪಿದರು.

ಭಾನುವಾರ ಸುಮನಾ ಬೆಳಿಗ್ಗೆಯೇ ಬಂದು ಅಕ್ಕನಿಗೆ ಸ್ನಾನ ಮಾಡಿಸಿದಳು. ಆಸ್ಪತ್ರೆಯಿಂದ ಬಂದ ಮೇಲೆ ಬರೀ ನೈಟಿಯಲ್ಲಿದ್ದವಳಿಗೆ ಆ ದಿನ ಹಸಿರು ಇಳಕಲ್ ಸೀರೆ ಉಡಿಸಿ, ತಲೆ ಬಾಚಿ, ನಾಲ್ಕು ಗಂಟೆಗೆ ಬರ್ತೀನಿ ಅಂತ ಹೇಳಿ ಹೋದಳು. ಮೂರು ಗಂಟೆಗೆ ವಾದಿರಾಜರು ಬಂದರು. ದಾಕ್ಷಾಯಣಿ ಅವರನ್ನು ಗುರುತಿಸಿದಳು. ವಾರೆಯಾದ ಬಾಯಲ್ಲಿ ನಕ್ಕು, ಹೆಂಡತಿ ಮಕ್ಕಳು ಹೇಗಿದ್ದಾರೆ ಎನ್ನುವ ರಾಗದಲ್ಲಿ ಸಂಖ್ಯೆ ಹೇಳಿದಳು. ವಾದಿರಾಜರ ಕಣ್ಣು ತುಂಬಿತು. "ಎಲ್ಲಾ ಚೆನ್ನಾಗಿದಾರೆ ಮೇಡಂ," ಅಂದರು.

ಶಿವರಾಜ್ ವೀಲ್‌ಚೇರನ್ನು ಕಿಟಕಿಯ ಹತ್ತಿರದಿಂದ ತಿರುಗಿಸಿ ಊಟದ ಮೇಜಿಗೆ ತಾಗಿಸಿ ನಿಲ್ಲಿಸಿದ. ಎರಡೂ ಕಡೆ ಬ್ರೇಕು ಒತ್ತಿದ. ವಾದಿರಾಜರು ಎದುರು ಕೂತು ದೊಡ್ಡ ಬಿಳಿ ಹಾಳೆಯ ಮೇಲೆ ಸಂಖ್ಯೆ ಬರೆದರು.

"ಮೇಡಂ, ನೀವು ಮಕ್ಕಳಿಗೆ ಹೇಳೋಕೆ ಹೊರಟಿದ್ದು ಇದೇ ಅಲ್ವಾ? ಇದಕ್ಕೆ ನಾಲ್ಕು ಸೇರಿಸಿದ್ರೆ..."

"ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರಾ ಹದಿನೇಳು!" ಎಂದು ದಾಕ್ಷಾಯಣಿ ಕೂಗಿದಳು.

ಶಿವರಾಜ್ ಕುರ್ಚಿಯ ತುದಿಗೆ ಬಂದ. ಈವರೆಗೆ ಅವಳು ಇಷ್ಟು ಜೋರಾಗಿ ಹೇಳಿರಲಿಲ್ಲ. "ಗೊತ್ತಾಗ್ತಿದೆ ಅವಳಿಗೆ! ಹೇಳಿ, ಮುಂದಕ್ಕೆ ಹೇಳಿ."

ವಾದಿರಾಜರು ಸಾವಿರದ ಹನ್ನೊಂದರ ವರ್ಗ ಬರೆದರು. ಅದರಿಂದ ನಾಲ್ಕು ಕಳೆದರು. ಸೂತ್ರ ಬರೆದು ಸಾವಿರದ ಒಂಬತ್ತು, ಸಾವಿರದ ಹದಿಮೂರು ಎಂದು ಎರಡು ಕಡೆ ಸುತ್ತು ಹಾಕಿದರು. ಅವಳು ಮತ್ತೆ ಮತ್ತೆ ಸಂಖ್ಯೆ ಹೇಳಿದಳು. ಎಡಗೈಯಿಂದ ಹಾಳೆಯನ್ನು ಬಡಿದಳು. ಬರೆಯಲು ಕೇಳುತ್ತಿದ್ದಾಳೆ ಎಂದು ಶಿವರಾಜ್ ಪೆನ್ನು ಕೊಟ್ಟ. ಅವಳು ಅದನ್ನು ಎಸೆದಳು.

"ಇದೊಂದೇ ಅಲ್ಲ ಅಂತ ಹೇಳ್ತಿದಾರೇನೋ," ಎಂದರು ವಾದಿರಾಜರು, ಅವರಿಗೂ ಹುರುಪು ಹತ್ತಿತ್ತು. "ಇನ್ನೊಂದು ಗುಣ ಇದೆ ಇದಕ್ಕೆ, ಆ ದಿನ ಮನೇಲಿ ಕೂತು ನೋಡಿದೆ. ಎರಡು ವರ್ಗಗಳ ಮೊತ್ತವಾಗಿ ಇದನ್ನ ಎರಡು ಥರ ಬರೀಬಹುದು. ಒಂಬೈನೂರ ಎಪ್ಪತ್ನಾಲ್ಕರ ವರ್ಗಕ್ಕೆ ಇನ್ನೂರ ಎಪ್ಪತ್ತೊಂದರ ವರ್ಗ ಸೇರಿಸಿದ್ರೆ ಇದೇ. ಒಂಬೈನೂರ ಅರವತ್ತೊಂದರ ವರ್ಗಕ್ಕೆ ಮುನ್ನೂರ ಹದಿನಾಲ್ಕರ ವರ್ಗ ಸೇರಿಸಿದ್ರೂ ಇದೇ. ಇದನ್ನೇ ಹೇಳ್ಬೇಕಿತ್ತಾ ಮೇಡಂ?"

ದಾಕ್ಷಾಯಣಿ ಶಿವರಾಜ್‌ನ ಅಂಗಿಯ ತೋಳು ಹಿಡಿದು ಎಳೆದಳು. ಮುಖವೆಲ್ಲ ಬೆವರಿತ್ತು. "ಹತ್ತು ಲಕ್ಷದ," ಎಂದಳು, "ಹತ್ತು ಲಕ್ಷದ ಇಪ್ಪತ್ತೆರಡು..."

"ಹೇಳು ದಾಕ್ಷಿ, ಮುಂದಿಂದು ಹೇಳು. ಬರ್ತಾ ಇದೆ, ಬಿಡಬೇಡ ಮಾರಾಯ್ತಿ," ಎಂದು ಅವನು ಅವಳ ಕೈ ಹಿಡಿದುಕೊಂಡ. "ಇನ್ನೊಂದ್ಸಲ ಮೊದಲಿಂದ ಹೇಳಿ ವಾದಿರಾಜ್."

ವಾದಿರಾಜರು ಮೊದಲಿನಿಂದ ಹೇಳಿದರು. ಅವಳ ದನಿ ಸಣ್ಣಗಾಗುತ್ತಾ ಬಂತು. ಕೊನೆಗೆ ಸಂಖ್ಯೆ ಬರೀ ತುಟಿಯಲ್ಲಿ ಉಳಿದು, ಅವಳು ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದಳು. ಮನಸ್ಸಿನೊಳಗಿಂದ ಏನೋ ಬಿಟ್ಟುಕೊಳ್ಳುತ್ತಿದೆ, ಅಳಲಿ ಎಂದುಕೊಂಡ ಶಿವರಾಜ್.

ನಾಲ್ಕಕ್ಕೆ ಸುಮನಾ ಬಂದಳು. ಬಾಗಿಲಲ್ಲೇ ನಿಂತು ಅಕ್ಕನನ್ನು ನೋಡಿದಳು.

"ಭಾವ, ಅಕ್ಕನ ಬಲಗೈ ಎಲ್ಲಿ?"

ಬಲಗೈ ತೊಡೆಯ ಮೇಲೆ ಇರಲಿಲ್ಲ. ಕುರ್ಚಿ ತಿರುಗಿಸುವಾಗ ಅದು ಜಾರಿ ಪಕ್ಕಕ್ಕೆ ಜೋತುಬಿದ್ದಿತ್ತು. ಅದರ ಮೇಲೆ ಇಳಕಲ್ ಸೆರಗು ಮುಚ್ಚಿತ್ತು. ಸೆರಗು ಎತ್ತಿದರೆ ಕೊನೆಯ ಎರಡು ಬೆರಳು ಬ್ರೇಕಿಗೂ ಚಕ್ರಕ್ಕೂ ನಡುವೆ ಸಿಕ್ಕಿಕೊಂಡಿದ್ದವು. ಆ ಕೈಯಲ್ಲಿ ಶಕ್ತಿ ಇರಲಿಲ್ಲ, ನೋವು ಇತ್ತು. ಬ್ರೇಕು ಬಿಡಿಸಿದಾಗ ಕಿರುಬೆರಳಿನ ಉಗುರು ಕಪ್ಪಾಗಿ ಎದ್ದು ನಿಂತಿತ್ತು, ಚಕ್ರದ ರಬ್ಬರಿನ ಮೇಲೆ ರಕ್ತ ಅಂಟಿತ್ತು.

ಸುಮನಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ತಣ್ಣೀರಿನ ಪಾತ್ರೆ ತಂದು ಅಕ್ಕನ ಕೈಯನ್ನು ಅದರಲ್ಲಿ ಇಳಿಸಿ ಮೊಣಕಾಲೂರಿ ಕೂತಳು. ವಾದಿರಾಜರು ಎದ್ದು ನಿಂತು, ಬರೆದ ಹಾಳೆಯನ್ನು ಏನು ಮಾಡಬೇಕೋ ತಿಳಿಯದೆ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ನಾನು ನೋಡ್ಲೇ ಇಲ್ಲ ಶಿವರಾಜ್," ಎಂದರು. ಶಿವರಾಜ್ ಚಕ್ರದ ಮೇಲಿನ ರಕ್ತವನ್ನೇ ನೋಡುತ್ತಿದ್ದ. ಮುಕ್ಕಾಲು ಗಂಟೆ ಅವಳು ಒಂದೇ ಮಾತು ಹೇಳಿದ್ದಳು, ಕೈ, ಕೈ, ಕೈ ಎಂದು. ತಾನು ಅವಳ ಇನ್ನೊಂದು ಕೈಯನ್ನೂ ಹಿಡಿದು ಕೂತಿದ್ದ.

ಎಕ್ಸ್‌ರೇಯಲ್ಲಿ ಕಿರುಬೆರಳಿನ ತುದಿಯ ಮೂಳೆ ಬಿರುಕು ಬಿಟ್ಟಿತ್ತು. ಶೀತಲ್ ಮುಂದೆ ಶಿವರಾಜ್ ಎಲ್ಲವನ್ನೂ ಒಪ್ಪಿಕೊಂಡ. ಅವಳು ಆ ಬೆರಳನ್ನು ನೋಡಿ, "ಇನ್ಮೇಲೆ ಸಂಖ್ಯೆ ಕೇಳಿಸ್ಕೋಬೇಡಿ ಸರ್. ಅವರು ಕೂಗಿದ ಕೂಡ್ಲೇ ಪಾದದಿಂದ ಶುರು ಮಾಡಿ ತಲೆವರೆಗೂ ನೋಡಿ. ಏನಾದ್ರೂ ಸಿಕ್ಕಿಕೊಂಡಿದ್ಯಾ, ಒತ್ತುತ್ತಾ ಇದ್ಯಾ, ಇರುವೆ ಇದ್ಯಾ," ಎಂದಳು.

ಅವನು ಹಾಗೇ ಮಾಡತೊಡಗಿದ. ಅಂಗಡಿಗೆ ಅರ್ಧ ದಿನ ಮಾತ್ರ ಹೋಗುತ್ತಿದ್ದ. ಸಂಖ್ಯೆ ಕಿವಿಗೆ ಬಿದ್ದದ್ದೇ ತಡ, ನೆಲಕ್ಕೆ ಕೂತು ಕಾಲ್ಬೆರಳು, ಹಿಮ್ಮಡಿ, ಮಂಡಿ, ಸೊಂಟದ ಕೆಳಗಿನ ಬಟ್ಟೆಯ ಸುಕ್ಕು, ಬೆನ್ನು, ಕತ್ತು ಎಲ್ಲವನ್ನೂ ಮುಟ್ಟಿ ನೋಡುತ್ತಿದ್ದ. ಕೆಲವು ದಿನ ಕಾರಣ ಸಿಗುತ್ತಿತ್ತು. ಸಿಗದ ದಿನಗಳೇ ಹೆಚ್ಚು. "ನೀರಾ? ಟೀವಿನಾ? ಮಲಗ್ತೀಯಾ?" ಎಂದು ಕೇಳಿದರೆ ಅವಳು ಎಲ್ಲಕ್ಕೂ ತಲೆಯಾಡಿಸುತ್ತಿದ್ದಳು. ಅದು ಹೌದೋ ಅಲ್ಲವೋ ಅವಳಿಗೂ ತಿಳಿಯುವುದಿಲ್ಲ ಎಂದಿದ್ದಳು ಶೀತಲ್. ಒಂದು ಮಧ್ಯಾಹ್ನ ಒಂದು ಗಂಟೆ ಹೊತ್ತು ಹುಡುಕಿ ಏನೂ ಸಿಗದೆ ಅವನು ಅವಳ ಪಾದದ ಹತ್ತಿರವೇ ಕೂತುಬಿಟ್ಟ. ಅವಳು ಮೆಲ್ಲಗೆ, ಬಹಳ ಅಕ್ಕರೆಯ ರಾಗದಲ್ಲಿ, ಇಡೀ ಸಂಖ್ಯೆಯನ್ನು ಹೇಳಿದಳು. ಬಹುಶಃ ಏನೂ ಬೇಡ, ಸುಮ್ಮನೆ ಮಾತಾಡಿದೆ ಅಂದಳೋ ಏನೋ. ಬಹುಶಃ ಹಾಗಲ್ಲವೇನೋ.

ಅಕ್ಟೋಬರಿನಲ್ಲಿ ವೈದ್ಯಕೀಯ ಕಾರಣದ ನಿವೃತ್ತಿಗಾಗಿ ಅವಳನ್ನು ಡಾಕ್ಟರುಗಳ ಮುಂದೆ ಹಾಜರುಪಡಿಸಬೇಕಾಯಿತು. ಉದ್ದನೆಯ ಕಾರಿಡಾರಿನಲ್ಲಿ ಎರಡು ಗಂಟೆ ಕಾದ ಮೇಲೆ ಒಳಗೆ ಕರೆದರು. ಮೇಜಿನ ಹಿಂದೆ ವಯಸ್ಸಾದ ಡಾಕ್ಟರೊಬ್ಬರು, ಪಕ್ಕದಲ್ಲಿ ಫಾರಂ ತುಂಬುವ ಯುವಕ.

"ಹೆಸರೇನಮ್ಮ?"

"ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರಾ ಹದಿನೇಳು," ಎಂದಳು ದಾಕ್ಷಾಯಣಿ, ಇಪ್ಪತ್ತೆಂಟು ವರ್ಷ ಸರ್ವಿಸ್ ಮಾಡಿದವರ ಗತ್ತಿನಲ್ಲಿ.

ಫಾರಂ ಬರೆಯುವವನು ನಗು ತಡೆಯಲು ತಲೆ ಬಗ್ಗಿಸಿದ. ಡಾಕ್ಟರು ನಗಲಿಲ್ಲ. ಕೈಕಾಲು ಎತ್ತಿ ನೋಡಿ, ಗಟ್ಟಿಯಾಗಿ ಹೇಳುತ್ತಾ ಹೋದರು. ಬಲಗೈ, ಇಲ್ಲ. ಬಲಗಾಲು, ಆಧಾರದಿಂದ ಸ್ವಲ್ಪ. ಮಾತಿನ ಕಾಲಂ ಬಂದಾಗ ಶಿವರಾಜ್‌ನ ಕಡೆ ತಿರುಗಿದರು.

"ಮಾತು ಇದೆಯಾ?"

"ಇದೆ ಸರ್... ಅಂದ್ರೆ, ಇದೊಂದೇ. ಆದ್ರೆ ಅವಳು ಮಾತಾಡ್ತಾಳೆ ಸರ್. ಬೆಳಗಿಂದ ಸಂಜೆವರೆಗೂ ಮಾತಾಡ್ತಾಳೆ. ನನಗೆ ಗೊತ್ತಾಗಲ್ಲ ಅಷ್ಟೆ."

"ಇಲ್ಲಿ ಇದೆ ಅಂತ ಬರೀಬೇಕು, ಇಲ್ಲಾ ಇಲ್ಲ ಅಂತ ಬರೀಬೇಕು," ಎಂದರು ಡಾಕ್ಟರು ಸಮಾಧಾನವಾಗಿಯೇ. "ಇದೆ ಅಂತ ಬರೆದ್ರೆ ಇವರ ನಿವೃತ್ತಿ ಅರ್ಜಿ ನಾಳೆ ವಾಪಸ್ ಬರುತ್ತೆ."

ದಾಕ್ಷಾಯಣಿ ಡಾಕ್ಟರ ಮುಖ ನೋಡುತ್ತಾ ಸಂಖ್ಯೆಯನ್ನು ಒಂದೊಂದು ಪದ ಬಿಡಿಸಿ ಹೇಳಿದಳು, ದಡ್ಡ ಹುಡುಗಿಗೆ ಎರಡನೇ ಸಲ ಲೆಕ್ಕ ಬಿಡಿಸುವವಳ ಹಾಗೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಯುವಕನಿಗೆ, "ಇಲ್ಲ ಅಂತ ಬರಿ," ಎಂದರು. ಶಿವರಾಜ್ ಬೇಡ ಎನ್ನಲಿಲ್ಲ. ಅವಳ ಎಡಗೈ ಹೆಬ್ಬೆರಳನ್ನು ಇಂಕಿನ ಪ್ಯಾಡಿಗೆ ಒತ್ತಿ, ತೋರಿಸಿದ ಜಾಗದಲ್ಲಿ ಒತ್ತಿದ.

ಮನೆಗೆ ಆಟೋದಲ್ಲಿ ಹೊರಟರು. ಅವಳು ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು. ನೆಹರು ರಸ್ತೆಯ ತಿರುವಿನಲ್ಲಿ ಇದ್ದಕ್ಕಿದ್ದಂತೆ ಅವನ ಮೊಣಕಾಲು ಹಿಡಿದು, ಹೊರಗಿನ ಯಾವುದನ್ನೋ ನೋಡುತ್ತಾ ಸಂಖ್ಯೆ ಹೇಳಿದಳು. ಶಿವರಾಜ್ ಮೊದಲು ಅವಳ ಪಾದ ನೋಡಿದ, ಕೈ ನೋಡಿದ, ಏನೂ ಸಿಕ್ಕಿಕೊಂಡಿರಲಿಲ್ಲ. ಆಮೇಲೆ ಅವಳು ನೋಡಿದ ಕಡೆ ನೋಡಿದ. ಬಟ್ಟೆ ಅಂಗಡಿಗಳು, ನಿಂತ ಬೈಕುಗಳು, ಯೂನಿಫಾರ್ಮಿನ ಹುಡುಗಿಯರ ಗುಂಪು, ಎಳನೀರಿನ ಗಾಡಿ.

"ಎಳನೀರಾ? ಎಳನೀರು ಬೇಕಾ?"

ಅವಳು ತಲೆಯಾಡಿಸಿದಳು. ಅವನು ಆಟೋ ನಿಲ್ಲಿಸಿ ಓಡಿಹೋಗಿ ಎಳನೀರು ಕೆತ್ತಿಸಿ ತಂದ. ಸ್ಟ್ರಾವನ್ನು ಅವಳ ತುಟಿಗೆ ಹಿಡಿದ. ಅವಳು ಬಾಯಿ ತೆರೆಯಲಿಲ್ಲ. ಮುಖವನ್ನು ಆ ಕಡೆ ತಿರುಗಿಸಿ, ದಾಟಿಹೋದ ರಸ್ತೆಯ ಕಡೆಗೇ ಕತ್ತು ಹೊರಳಿಸಿ ನೋಡಿದಳು. ಅಲ್ಲಿ ಈಗ ಒಂದು ಬಸ್ಸು ಅಡ್ಡ ನಿಂತಿತ್ತು.

"ಹೊರಡ್ಲಾ ಸಾರ್?" ಎಂದ ಆಟೋದವನು.

"ಹೊರಡಪ್ಪ."

ಗುಂಡಿಗಳಲ್ಲಿ ಆಟೋ ಕುಲುಕಿದಾಗಲೆಲ್ಲ ಎಳನೀರು ಅವನ ಪ್ಯಾಂಟಿನ ಮೇಲೆ ಚೆಲ್ಲುತ್ತಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳು ಇನ್ನೊಮ್ಮೆ ತಿರುಗಿದರೆ ಕೊಡೋಣವೆಂದು ಮನೆ ಬರುವವರೆಗೂ ಕಾದ.